ಗುಡ್ಡಕ್ಕೆ ಹೊತ್ತ ನೀರು

ಹೆಸರು ಗೊತ್ತಿಲ್ಲದ ಗಿಡ ಕಂಡರೆ ನನಗೆ ಅಪಾರ ಗೌರವ. ಗೊತ್ತಿರುವ ಗಿಡಗಳು ಐದಾರೇ ಆದ್ದರಿಂದ ಈ ಗೌರವವನ್ನು ನಾನು ಧಾರಾಳವಾಗಿ ಹಂಚುತ್ತಾ ಬಂದಿದ್ದೇನೆ. ತೊಂಬತ್ತರ ದಶಕದ ಕೊನೆಯಲ್ಲಿ, ಮರಾಠಿ ಸೀಮೆಯ ಕೋಥರೂಡದಲ್ಲಿದ್ದ ನಮ್ಮ ಮನೆಯ ಹಿಂದಿನ ಗುಡ್ಡಕ್ಕೆ ಬೆಳಗಿನ ವಾಕಿಂಗ್ ಹೋಗುವ ಚಟ ಹತ್ತಿತು. ಆ ಗುಡ್ಡದಲ್ಲೊಂದು ಪದ್ಧತಿ. ಹತ್ತುವವರು ಬರಿಗೈಯಲ್ಲಿ ಹತ್ತುವುದಿಲ್ಲ. ಮನೆಯಿಂದ ಒಂದು ಕ್ಯಾನು ನೀರು ಹೊತ್ತು, ತಾವು ದತ್ತು ತೆಗೆದುಕೊಂಡ ಸಸಿಗೆ ಹಾಕಿ ಇಳಿಯುತ್ತಾರೆ. ನಾನೂ ಕಾಲುದಾರಿಯ ತಿರುವಿನಲ್ಲಿ, ಯಾರೂ ವಿಚಾರಿಸದೆ ನಿಂತಿದ್ದ ಮೊಳಕಾಲೆತ್ತರದ ಗಿಡವೊಂದನ್ನು ನನ್ನದು ಮಾಡಿಕೊಂಡೆ. ಹೆಸರು ಗೊತ್ತಿರಲಿಲ್ಲ, ಹಾಗಾಗಿ ಅಪರೂಪದ್ದೇ ಇರಬೇಕೆಂದು ತೀರ್ಮಾನಿಸಿದೆ.

"ಮನ್ಯಾಗಿನ ತುಳಸಿಗೆ ಒಂದ್ ತಂಬಿಗಿ ನೀರು ಹಾಕೂದು ನಿಮ್ಮಿಂದ ಆಗೂದಿಲ್ಲ. ಗುಡ್ಡದ ಮ್ಯಾಲಿನ ಗಿಡಕ್ಕ ಕ್ಯಾನ್ ತುಂಬ್ಕೊಂಡು ಹೊಂಟೀರಿ" ಎಂದಳು ನನ್ನ ಹೆಂಡತಿ ಸುಮಿತ್ರಾ. ಮಾತು ನಿಜ. ಆದರೆ ತುಳಸಿ ದೊಡ್ಡದಾಗಿ ತುಳಸಿಯೇ ಆಗುತ್ತದೆ. ಇದು ಏನಾದೀತು ಎಂಬ ಕುತೂಹಲ ನನ್ನನ್ನು ಚಳಿಯಲ್ಲೂ ಹಾಸಿಗೆಯಿಂದ ಎಬ್ಬಿಸುತ್ತಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಿಡ ನನ್ನ ತಲೆ ಮೀರಿತು.

ಕಷ್ಟ ಬಂದದ್ದು ವಸಂತದಲ್ಲಿ. ಬೂರುಗದ ಮರ ಕೆಂಪು ಹೂ ಬಿಟ್ಟು ಮೈನಾಗಳು ಅದರಲ್ಲಿ ಜಗಳಕ್ಕೆ ಬಿದ್ದಿದ್ದವು. ಕುಟ್ರಹಕ್ಕಿ ಎಲ್ಲೋ ಕೂತು ತಾಮ್ರದ ಕೊಡ ಬಡಿದಂತೆ ಟುಕ್ ಟುಕ್ ಎನ್ನುತ್ತಿತ್ತು. ಎಲ್ಲಿ ಎಂದು ಹುಡುಕಿ ಹುಡುಕಿ ನನಗೆ ಕತ್ತುನೋವು ಬಂತು, ಹಕ್ಕಿ ಕಾಣಲಿಲ್ಲ. ಇಂಥ ಸಡಗರದಲ್ಲಿ ನನ್ನ ಗಿಡ ಮಾತ್ರ ಎಲೆಯನ್ನೆಲ್ಲ ಉದುರಿಸಿ ಒಣಕೋಲಾಗಿ ನಿಂತಿತು. "ನೀರು ಹಾಕಿ ಹಾಕಿ ಕೊಂದ್ರಿ ನೋಡ್ರಿ" ಎಂದಳು ಸುಮಿತ್ರಾ. ನನಗೆ ನಿಜಕ್ಕೂ ಸಂಕಟವಾಯಿತು. ಉಗುರಿನಿಂದ ತೊಗಟೆ ಕೆರೆದು, ಒಳಗೆ ಹಸಿರಿದೆಯೇ ಎಂದು ದಿನಾ ನೋಡುತ್ತಿದ್ದೆ.

ಒಂದು ಮುಂಜಾನೆ ಹೋದರೆ ಬೋಳು ಕೊಂಬೆಗಳ ತುಂಬ ತೆಳು ಗುಲಾಬಿ ಹೂ! ಆಕಾರ ಅವರೆಹೂವಿನದು. ಒಂದು ಕರಿದುಂಬಿ ಪ್ರತಿಯೊಂದರ ಒಳಗೂ ತಲೆ ಹಾಕಿ ವಿಚಾರಣೆ ನಡೆಸಿತ್ತು. ಖುಷಿ ತಡೆಯದೆ, ದಾರಿಯಲ್ಲಿ ಬರುತ್ತಿದ್ದ ಪರಾಂಜಪೆ ಕಾಕಾರನ್ನು ಕರೆದು ತೋರಿಸಿದೆ. ಅವರು ಸಸ್ಯಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು. ಅವರ ಮರಾಠಿಯನ್ನು ಇಲ್ಲಿ ಕನ್ನಡ ಮಾಡಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿದೆ.

"ಇದಕ್ಕೆ ನೀರು ಹಾಕಿದವರು ನೀವೇನು?"

"ಹೌದು" ಎಂದೆ, ಸನ್ಮಾನ ಸ್ವೀಕರಿಸುವ ಭಂಗಿಯಲ್ಲಿ.

"ಇದು ಗ್ಲಿರಿಸಿಡಿಯಾ. ಹೊರಗಿನಿಂದ ಬಂದದ್ದು. ಕಡಿದು ಎಸೆದ ಕೋಲೂ ಚಿಗುರುತ್ತದೆ, ನೀರು ಯಾಕೆ? ಗುಡ್ಡದ ತುಂಬ ಬೇರು ಬಿಟ್ಟು ಕೂತಿದೆ. ಕಿತ್ತುಬಿಡಿ."

ಸುತ್ತ ನೋಡಿದೆ. ಇಳಿಜಾರಿನುದ್ದಕ್ಕೂ ಅದೇ ಗುಲಾಬಿ. ಅವುಗಳಲ್ಲಿ ಒಂದಕ್ಕೂ ಯಾರೂ ಕ್ಯಾನು ಹೊತ್ತಿರಲಿಲ್ಲ. ನಾಚಿಕೆಯಾದರೂ ಕೀಳಲು ಮನಸ್ಸು ಬರಲಿಲ್ಲ. "ಇರಲಿ ಬಿಡಿ ಕಾಕಾ, ದುಂಬಿಯಾದರೂ ಬಂದಿದೆಯಲ್ಲ" ಎಂದು ನನ್ನ ಧಾರವಾಡದ ಮರಾಠಿಯಲ್ಲಿ ವಕಾಲತ್ತು ಮಾಡಿದೆ.

ಕಾಕಾ ಕಿವಿ ನಿಮಿರಿಸಿದರು. "ನೀವು ಮೂಲತಃ ಎಲ್ಲಿಯವರು?"

"ಧಾರವಾಡ. ಬ್ಯಾಂಕಿನ ವರ್ಗಾವಣೆ. ಮೂರು ವರ್ಷಕ್ಕೆಂದು ಬಂದೆ."

"ಯಾವಾಗ?"

"ಹದಿನೆಂಟು ವರ್ಷವಾಯಿತು. ಇಲ್ಲೇ ಫ್ಲ್ಯಾಟ್ ತೆಗೆದುಕೊಂಡೆವು."

ಕಾಕಾ ಒಮ್ಮೆ ನನ್ನನ್ನು, ಒಮ್ಮೆ ಗಿಡವನ್ನು ನೋಡಿದರು. ಕೀಳುವ ಮಾತು ಮತ್ತೆ ಬರಲಿಲ್ಲ. ಪಕ್ಕದಲ್ಲಿ ಬಾಡುತ್ತಿದ್ದ ಹೊಂಗೆ ಸಸಿಯತ್ತ ತಮ್ಮ ಊರುಗೋಲು ತೋರಿಸಿ, "ಇದು ಇಲ್ಲಿಯದು. ನಾಳೆಯಿಂದ ಇದಕ್ಕೂ ಹಾಕಿ" ಎಂದು ಇಳಿದು ಹೋದರು. ಆ 'ಇದಕ್ಕೂ' ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ಮಾರನೆಯ ದಿನದಿಂದ ಎರಡು ಕ್ಯಾನು ಹೊರತೊಡಗಿದೆ. ಅದರಲ್ಲೊಂದನ್ನು ಹೊರುವ ಅಗತ್ಯವೇ ಇಲ್ಲ ಎಂಬ ಸಂಗತಿಯನ್ನು ಸುಮಿತ್ರಾಳ ಮುಂದೆ ಇವತ್ತಿನವರೆಗೂ ಬಾಯಿಬಿಟ್ಟಿಲ್ಲ.