ಚಿಮ್ನಿಯೊಳಗಿನ ತಗಡು

ಚಾಳಿನ ಸೆಕ್ರೆಟರಿ ಆಗಬೇಕಾದರೆ ಮೊದಲು ಒಲೆಯ ಚಿಮ್ನಿಯೊಳಗೆ ತಲೆ ತೂರಿಸಬೇಕೆಂದು ಕಂಡುಹಿಡಿದ ಮಹಾಪುರುಷ ಇಡೀ ಮಲಾಡಿನಲ್ಲಿ ರಮಾನಾಥನೊಬ್ಬನೇ!

ಹಳೆಯ ಸೆಕ್ರೆಟರಿ ಧರ್ಮಣ್ಣ ಬೊರಿವಲಿಗೆ ಮನೆ ಬದಲಿಸಿದ್ದ. ಆ ಹುದ್ದೆಗೆ ಸಂಬಳವಿಲ್ಲ, ಆದರೆ ನೀರಿನ ಟಾಕಿಯ ಕೀಲಿ ಇತ್ತು. ಬೆಳಿಗ್ಗೆ ಬಕೆಟ್ ಹಿಡಿದು ನಿಂತ ಚಾಳಿಗೆ ಚಾಳೇ ಕೀಲಿ ಇದ್ದವನ ಮುಖ ನೋಡುತ್ತದೆ. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ಧಣಿಯ ಮುಖವನ್ನೇ ನೋಡಿ ಬೇಸತ್ತ ರಮಾನಾಥನಿಗೆ, ತನ್ನ ಮುಖವನ್ನೂ ನಾಲ್ಕು ಜನ ನೋಡಲಿ ಎಂಬ ಆಸೆ.

ಆಗ ಸೀಮೆಎಣ್ಣೆಯ ಬರ. ಎಲ್ಲರೂ ಮತ್ತೆ ಸೌದೆ ಒಲೆ ಹಚ್ಚಿದ್ದರು. ಪಕ್ಕದ ಚಾಳಿನಲ್ಲಿ ಚಿಮ್ನಿಯ ಮಸಿಗೆ ಬೆಂಕಿ ಹತ್ತಿ ಮನೆಯ ಮಾಡೇ ಸುಟ್ಟುಹೋದ ಮೇಲೆ ಒಲೆ ಹಚ್ಚಲೂ ಹೆದರಿಕೆ. ರಮಾನಾಥ ಅಂಗಳದಲ್ಲಿ ನಿಂತು ಸಾರಿಯೇಬಿಟ್ಟ: ಭಾನುವಾರದ ಆಯ್ಕೆಯ ಮೀಟಿಂಗಿನೊಳಗೆ ತನ್ನ ಚಿಮ್ನಿ ಕನ್ನಡಿಯಂತೆ ಹೊಳೆಯುತ್ತದೆ, ತನ್ನನ್ನು ಸೆಕ್ರೆಟರಿ ಮಾಡಿದರೆ ಎಲ್ಲರದ್ದೂ ಹೊಳೆಯುತ್ತದೆ!

ಚಿಮ್ನಿ ಅವನೊಬ್ಬನದೇ ಆಗಿರಲಿಲ್ಲ. ಗೋಡೆಯ ಈಚೆ ಅವನ ಒಲೆ, ಆಚೆ ಮನೆ ಕಟ್ಟುವ ಗೌಂಡಿ ಖಂಡಪ್ಪನ ಒಲೆ. ಎರಡರ ಹೊಗೆಗೂ ನಡುಗೋಡೆಯಲ್ಲಿ ಒಂದೇ ದಾರಿ. ಚಾಳಿನಲ್ಲಿ ಖಂಡಪ್ಪನ ಊರಿನವರೇ ಜಾಸ್ತಿ. ಅವನ ಕೈ ಎದ್ದರೆ ಎಲ್ಲರ ಕೈ ಏಳುತ್ತದೆ. ಚಿಮ್ನಿಯ ಜೊತೆ ಮತವೂ ಕೈಗೆ ಬರುವ ಲೆಕ್ಕ!

ಶನಿವಾರ ರಮಾನಾಥ ತಲೆಗೆ ಹೆಂಡತಿ ರಾಜೀವಿಯ ಹಳೆ ಸೀರೆ ಸುತ್ತಿ ಮಾಡು ಹತ್ತಿದ. ತೆಂಗಿನ ನಾರಿನ ಉಂಡೆಗೆ ಕಲ್ಲು ಕಟ್ಟಿ ಹಗ್ಗದಲ್ಲಿ ಇಳಿಬಿಟ್ಟು ಎಳೆದಾಡಿದ. ಬುಟ್ಟಿಗಟ್ಟಲೆ ಮಸಿ ಬಿತ್ತು. ಕಾಗೆಯ ಗೂಡು ಬಿತ್ತು. ಕೊನೆಗೆ ಒಲೆಯೊಳಗೆ ಕನ್ನಡಿ ಹಿಡಿದು ಮೇಲೆ ನೋಡಿದರೆ, ಎರಡು ಒಲೆಗಳ ನಡುವೆ ತುಕ್ಕು ಹಿಡಿದ ತಗಡೊಂದು ಅಡ್ಡ ನಿಂತಿದೆ.

"ಹೊಗೆಗೆ ಇದೇ ವೈರಿ," ಎಂದು ಕಿತ್ತ.

"ಇಟ್ಟವರು ಎಂತಕ್ಕೋ ಇಟ್ಟದ್ದಲ್ವಾ? ಖಂಡಪ್ಪಣ್ಣನ ಹತ್ರ ಒಮ್ಮೆ ಕೇಳಿ," ಎಂದಳು ರಾಜೀವಿ.

"ಗೌಂಡಿಗೆ ಗೋಡೆ ಗೊತ್ತು. ಹೊಗೆ ಗೊತ್ತುಂಟಾ?"

ತಗಡು ಗುಜರಿ ಅಂಗಡಿಗೆ ಹೋಯಿತು. ಹೊಗೆ ಊದುಬತ್ತಿಯ ಹೊಗೆಯಂತೆ ನೆಟ್ಟಗೆ ಎದ್ದಿತು. ಖಂಡಪ್ಪ ಬಂದು ನೋಡಿ ಮೆಚ್ಚಿದ, ಚಹಾ ಕುಡಿದ, ನಾಳಿನ ಮತದ ಮಾತಿಗೆ ತಲೆಯಾಡಿಸಿ ಹೋದ.

ಸಂಜೆ ಗಂಜಿಯ ಮುಂದೆ ಕೂತ ರಮಾನಾಥನಿಗೆ ಹಿಗ್ಗಿನಲ್ಲಿ ನೆಲ ಕಾಣಿಸುತ್ತಿರಲಿಲ್ಲ. ದಿನವೂ ಎಲ್ಲೋ ದೂರದಲ್ಲಿ ಪಟಪಟ ಎಂದು ರೊಟ್ಟಿ ಬಡಿಯುವ ಸದ್ದು ಇಂದು ತೀರಾ ಹತ್ತಿರದಿಂದ ಕೇಳುತ್ತಿತ್ತು. ಅವನು ಗಮನಿಸಲಿಲ್ಲ.

"ಒಂದು ಲೋಟ ಚಾ ಸಾಕಾಯ್ತು ನೋಡು. ಖಂಡಪ್ಪ ಅಂದ್ರೆ ಕೋಲೆ ಬಸವ, ಮಾರಾಯ್ತಿ. ನಾನು ಹೇಳಿದ ಹಾಗೆ ಗೋಣಾಡಿಸ್ತಾನೆ. ಕೀಲಿ ಒಮ್ಮೆ ಕೈಗೆ ಬರಲಿ, ಮೊದಲ ಬಕೆಟ್ ನಮ್ಮದು. ಅವರೆಲ್ಲ ಕಡೆಗೆ."

"ಅವನ ಹೆಂಡತಿ ನೀಲಾಬಾಯಿ ಬೆಳಗಾಗುವ ಮೊದಲೇ ಕೆಲಸಕ್ಕೆ ಓಡುವವಳು, ಪಾಪ. ನೀರು ಅವಳಿಗೆ ಮೊದಲು ಬಿಡ್ಬೇಕು. ಹೋಟೆಲಿನಲ್ಲೇ ಮೀಯುವ ನಿಮಗೆ ಎಂತ ಅವಸರ?"

ರಮಾನಾಥ ಉತ್ತರಿಸಲು ಬಾಯಿ ತೆರೆದ. ಅಷ್ಟರಲ್ಲಿ ಒಲೆಯೊಳಗಿಂದ ಖಂಡಪ್ಪನ ದನಿ ಬಂತು, ಪಕ್ಕದಲ್ಲೇ ಕೂತು ಉಣ್ಣುತ್ತಿರುವವನಂತೆ:

"ನೀಲಾ, ರೊಟ್ಟಿ ಬಡಿಯೂದು ಒಂದೀಟು ನಿಲ್ಲಸು. ಆಚೀ ಮಾತು ನೆಟ್ಟಗ ಕೇಳಸವಲ್ದು."

ಪಟಪಟ ನಿಂತಿತು. ರಮಾನಾಥನ ಕೈಯ ಉಪ್ಪಿನಕಾಯಿ ಗಂಜಿಗೆ ಬಿತ್ತು.

ಮರುದಿನ ಮೀಟಿಂಗಿನಲ್ಲಿ ಖಂಡಪ್ಪ ಎದ್ದು ನಿಂತ. "ಸೆಕ್ರೆಟರಿ ನಮ್ಮ ಬಾಜೂ ಮನ್ಯಾವ್ರ ಆಗ್ಲಿ," ಎಂದ. ರಮಾನಾಥನ ಹೋದ ಜೀವ ಬಂತು. ಅಂಗಿ ಸರಿಮಾಡಿಕೊಂಡು ಅರ್ಧ ಎದ್ದ.

"ಆ ಮನ್ಯಾಗಿನ ಇಬ್ಬರ ಮಾತೂ ಕೇಳೀನಿ," ಖಂಡಪ್ಪ ಮುಂದುವರಿಸಿದ, "ರಾಜೀವಿ ಅಕ್ಕಾರು ಆಗ್ಲಿ. ಯಜಮಾನ್ರು ಚಾಳಿನ ಚಿಮ್ನಿ ನೋಡ್ಕೊಳ್ಳಲಿ. ಆ ಕೆಲಸಕ್ಕ ಅವರ ಕೈ ಛಲೋ ಐತಿ."

ಎಲ್ಲ ಕೈಗಳೂ ಎದ್ದವು. ರಮಾನಾಥ ಅರ್ಧ ಎದ್ದಲ್ಲೇ ನಿಂತು ಕೋಲೆ ಬಸವನಂತೆ ಗೋಣಾಡಿಸಿದ!

ಕೀಲಿ ರಾಜೀವಿಯ ಸೆರಗು ಸೇರಿತು. ರಮಾನಾಥ ಸೀದಾ ಗುಜರಿ ಅಂಗಡಿಗೆ ಓಡಿದ, ತನ್ನದೇ ತಗಡನ್ನು ಬೇಡಿ ತಂದ, ಖಂಡಪ್ಪನ ಬಾಗಿಲು ತಟ್ಟಿದ. ಇದನ್ನು ಇದ್ದಲ್ಲಿಯೇ ಕೂರಿಸಿಬಿಡೋಣ ಎಂದು ತಲೆ ತಗ್ಗಿಸಿ ಕೇಳಿಕೊಂಡ.

ಖಂಡಪ್ಪ ತಗಡು ಇಸಕೊಂಡು ಮಂಚದ ಕೆಳಗೆ ನೂಕಿದ.

"ಈಗ್ಯಾಕ ಗಡಿಬಿಡಿ, ಅಣ್ಣಾರ? ನಮ್ಮ ಮನ್ಯಾಗ ರೇಡಿಯೋ ಇಲ್ಲ."