ಮಷೀನಿನೊಳಗಿನ ಸೋಮವಾರ

ಹೊಸದನ್ನು ಕೊಂಡು ಮನೆಗೆ ತಂದ ಮೇಲೆಯೇ ಹಳೆಯದರ ಅಗತ್ಯ ಬೀಳುವುದು ನನ್ನ ಜಾತಕದಲ್ಲಿ ಬರೆದಿರುವ ಯೋಗ. ಮಿಕ್ಸಿ ಬಂದ ವಾರ ಒರಳುಕಲ್ಲನ್ನು ಯಾರಿಗೋ ಕೊಟ್ಟೆ. ಮಾರನೆಯ ದಿನದಿಂದ ನಮ್ಮ ಬಡಾವಣೆಯಲ್ಲಿ ಸರಿಯಾಗಿ ಅಡುಗೆಯ ಹೊತ್ತಿಗೆ ಕರೆಂಟು ಹೋಗತೊಡಗಿತು. ಸ್ಕೂಟರು ಕೊಂಡು ಸೈಕಲ್ಲು ಮಾರಿದೆ. ಡಾಕ್ಟರು ದಿನಾ ಸೈಕಲ್ ತುಳಿಯಿರಿ ಎಂದರು. ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷ ಹಳೆಯ ಕಡತಗಳನ್ನು ಕಾದು ನಿವೃತ್ತನಾದ ಮನುಷ್ಯನಿಗೆ ಇಷ್ಟು ಬುದ್ಧಿ ಇರಬೇಡವೇ ಎಂದು ನೀವು ಕೇಳಬಹುದು. ಇರಬೇಕಿತ್ತು, ಒಪ್ಪುತ್ತೇನೆ. ಆದರೂ ಈ ಫೆಬ್ರವರಿಯಲ್ಲಿ ಬಿ.ಟಿ.ಎಂ. ಲೇಔಟಿನ ನಮ್ಮ ಮನೆಯ ಹಳೆಯ ಕಂಪ್ಯೂಟರು ಸ್ವಲ್ಪ ಹೊಗೆಯಾಡಿ ಪ್ರಾಣ ಬಿಟ್ಟಾಗ, ಹಿಂದೆಮುಂದೆ ನೋಡದೆ ಹೊಸದೊಂದನ್ನು ತಂದೆ. "ಹೊಸ ಆಪರೇಟಿಂಗ್ ಸಿಸ್ಟಮ್ ಸಾರ್, ಸಖತ್ ಫಾಸ್ಟ್" ಎಂದ ಅಂಗಡಿಯವನು. ಹಳೆಯದನ್ನು ಅದು ಓದುತ್ತದೆಯೇ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಸತ್ತ ಕಂಪ್ಯೂಟರು ನನ್ನದಲ್ಲ, ನನ್ನ ಹೆಂಡತಿ ಲಲಿತೆಯದು. ತೊಂಬತ್ತರ ದಶಕದಲ್ಲಿ, ಮಗಳು ದೀಪಾ ಶಾಲೆಗೆ ಹೋಗತೊಡಗಿದ ಮೇಲೆ, ಲಲಿತೆ ಮುಂದಿನ ಕೋಣೆಯಲ್ಲಿ ಲಗ್ನಪತ್ರಿಕೆಗಳ ಅಕ್ಷರ ಜೋಡಿಸಿ ಕೊಡುವ ಕೆಲಸ ಹಿಡಿದಳು. ಜಯನಗರ, ಬನಶಂಕರಿ, ವಿಲ್ಸನ್ ಗಾರ್ಡನ್ ಕಡೆಯಿಂದೆಲ್ಲ ಜನ ಬರುತ್ತಿದ್ದರು. ಯಾವ ಮನೆತನದ ಪತ್ರಿಕೆಯಲ್ಲಿ ಯಾವ ದೇವರು ಮೇಲಿರಬೇಕು, ಮುನಿಸಿಕೊಂಡ ದೊಡ್ಡಪ್ಪನ ಹೆಸರು ಎಲ್ಲಿ ಬಂದರೆ ಅವನು ಊಟಕ್ಕೆ ಕೂರುತ್ತಾನೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಇಂಥ ಸೂಕ್ಷ್ಮಗಳನ್ನು ಪರದೆಯ ಮೇಲೆ, ಪುಟದ ಗೆರೆಯ ಆಚೆ ಉಳಿಯುವ ಖಾಲಿ ಜಾಗದಲ್ಲಿ, ಸಣ್ಣಕ್ಷರದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. ಅಲ್ಲಿ ಬರೆದದ್ದು ಅಚ್ಚಾಗುವುದಿಲ್ಲ. 'ಇವರ ಅಜ್ಜಿ ಹೆಸರು ಬಿಟ್ಟರೆ ರಂಪ' ಎಂದೋ, 'ಸೊಪ್ಪು ತರಬೇಕು' ಎಂದೋ ಇರುತ್ತಿತ್ತು. ಪ್ರೂಫ್ ನೋಡುವುದು ನನ್ನ ಪಾಲು. ಅಷ್ಟು ವರ್ಷಗಳಲ್ಲಿ ನಾನು ಮಾಡಿದ್ದು ಒಂದೇ ತಪ್ಪು, ಆದರೆ ಆ ಒಂದು ಸಾಕಾಗುವಂಥದ್ದು. ಬನಶಂಕರಿಯವರೊಬ್ಬರ ಪತ್ರಿಕೆಯಲ್ಲಿ ತಾರೀಖು ಸರಿಯಿತ್ತು, ವಾರ ತಪ್ಪಿತ್ತು. ಶುಕ್ರವಾರದ ಮದುವೆಗೆ ಅರ್ಧ ನೆಂಟರು ಗುರುವಾರವೇ ಬಂದು ಛತ್ರದ ಬೀಗ ನೋಡುತ್ತ ನಿಂತಿದ್ದರು. ಅಂದಿನಿಂದ ನಾನು ನೋಡಿದ ಪ್ರೂಫಿನ ಮೇಲೆ ಲಲಿತೆ ನನಗೆ ಗೊತ್ತಾಗದ ಹಾಗೆ ಇನ್ನೊಮ್ಮೆ ಕಣ್ಣಾಡಿಸುತ್ತಿದ್ದಳು. ನನಗೆ ಗೊತ್ತಾಗುತ್ತಿತ್ತು.

ಐದು ವರ್ಷದ ಹಿಂದಿನ ಜನವರಿಯಲ್ಲಿ ಅವಳ ಹೊಟ್ಟೆನೋವಿನ ರಿಪೋರ್ಟು ಬಂತು. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಹೆಚ್ಚೆಂದರೆ ಆರು ತಿಂಗಳು ಎಂದರು. ಹೊರಗೆ ಬಂದು "ಅಲ್ಸರ್ ಅಂತೆ ಕಣೇ, ಮಾತ್ರೆ ಬರ್ಕೊಟ್ಟಿದಾರೆ" ಎಂದೆ. ರಿಪೋರ್ಟನ್ನು ಹಳೆಯ ಪಂಚಾಂಗಗಳ ಕಟ್ಟಿನೊಳಗೆ ಸೇರಿಸಿಟ್ಟೆ. ರೆಕಾರ್ಡ್ ರೂಮಿನವನು ಬಚ್ಚಿಟ್ಟ ಕಾಗದ ಬ್ರಹ್ಮನಿಗೂ ಸಿಗಬಾರದು ಎಂಬುದು ನನ್ನ ಹೆಮ್ಮೆ. ಆ ಶುಕ್ರವಾರ ಸಂಜೆ ಅವಳನ್ನು ಜಯನಗರ ನಾಲ್ಕನೇ ಬ್ಲಾಕಿಗೆ ಕರೆದುಕೊಂಡು ಹೋಗಿ, ಬೇಸಿಗೆಗೆ ನೈನಿತಾಲಿಗೆ ಹೋಗೋಣ, ಸ್ವೆಟರ್ ತಗೋ ಎಂದೆ. ಅವಳು ಬಹಳ ಹೊತ್ತು ಆರಿಸಿ ನನಗೊಂದು ಕಂದು ಸ್ವೆಟರ್ ತೆಗೆದುಕೊಂಡಳು. ನಿನಗೆ ಎಂದರೆ, "ನನ್ನ ಹತ್ರ ಶಾಲಿದೆಯಲ್ಲ, ಬಿಡಿ" ಎಂದಳು. ದಾರಿಯುದ್ದಕ್ಕೂ ನನ್ನ ನಟನೆಯನ್ನು ನಾನೇ ಮೆಚ್ಚಿಕೊಂಡೆ. ಕೆಲವು ದಿನಗಳ ಮೇಲೆ ಲಲಿತೆ, ಕಾಲೇಜಿಗೆ ಹೊರಟಿದ್ದ ದೀಪಾಳಿಗೆ "ನಿನ್ನ ಮದುವೆ ಕಾರ್ಡ್ ಮಾಡಿಟ್ಟಿದೀನಿ ಕಣೇ, ಗಂಡಿನ ಹೆಸರು, ತಾರೀಖು ತುಂಬಿದ್ರೆ ಆಯ್ತು" ಎಂದಳಂತೆ. ತಾಯಿ ಮಗಳು ಇಬ್ಬರೂ ನಕ್ಕರಂತೆ. ಆಷಾಢಕ್ಕೆ ಮುಂಚೆ ಲಲಿತೆ ಹೋದಳು.

ಈ ವರ್ಷ ದೀಪಾಳ ಮದುವೆ ನಿಶ್ಚಯವಾಯಿತು, ಮೇ ಹದಿನೇಳಕ್ಕೆ. ಸೀರೆಗಾಗಲಿ ಒಡವೆಗಾಗಲಿ ಹಟ ಮಾಡದ ಹುಡುಗಿ ಒಂದೇ ಒಂದು ಮಾತು ಹೇಳಿದಳು: "ಅಪ್ಪ, ಅಮ್ಮ ಮಾಡಿಟ್ಟ ಕಾರ್ಡೇ ಅಚ್ಚಾಗ್ಬೇಕು. ಬೇರೆ ಬೇಡ." ಅದೇನು ಮಹಾ ಎಂದು ಮಾತು ಕೊಟ್ಟೆ. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕು ಬದುಕಿತ್ತು. ಅದರಲ್ಲಿ ದೀಪಾಳ ಹೆಸರಿನ ಕಡತವೂ ಕಣ್ಣಿಗೆ ಕಾಣುತ್ತಿತ್ತು. ತೆರೆಯಲು ಹೋದರೆ, ಇದು ಯಾವುದೆಂದು ನನಗೆ ಗೊತ್ತಿಲ್ಲ ಎಂದಿತು ಹೊಸ ಸಿಸ್ಟಮ್. ಲಲಿತೆ ಬಳಸುತ್ತಿದ್ದ ಕನ್ನಡ ತಂತ್ರಾಂಶವನ್ನು ಹಾಕಲು ಹೋದರೆ, ಇದು ನನಗೆ ಒಗ್ಗುವುದಿಲ್ಲ, ತಯಾರಕರನ್ನು ಕೇಳಿ ಎಂದಿತು. ಕೇಳೋಣವೆಂದು ಗಾಂಧಿ ಬಜಾರಿನಲ್ಲಿ ಅವರ ಕಚೇರಿ ಇದ್ದ ಮಹಡಿ ಹತ್ತಿದೆ. ಅಲ್ಲಿ ಈಗ ಯೋಗದ ತರಗತಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ ಯೋಗದ ಮೇಷ್ಟರು, "ಸಾಫ್ಟ್‌ವೇರ್ನೋರು ಖಾಲಿ ಮಾಡಿ ಮೂರು ವರ್ಷ ಆಯ್ತು ಸಾರ್. ನಿಮಗೆ ಪ್ರಾಣಾಯಾಮ ಬೇಕಿತ್ತಾ?" ಎಂದರು. ಬೇಕಿತ್ತೇನೋ, ಆದರೆ ಪುರುಸೊತ್ತಿರಲಿಲ್ಲ. ಏಪ್ರಿಲ್ ಮೊದಲ ವಾರ ಕಾರ್ಡು ಹಂಚಲು ಶುರು ಮಾಡಬೇಕಿತ್ತು. ವಿಲ್ಸನ್ ಗಾರ್ಡನ್ನಿನಲ್ಲಿರುವ ನನ್ನ ತಮ್ಮ ನಾಗರಾಜ ದಿನಕ್ಕೊಮ್ಮೆ ಫೋನು ಮಾಡಿ, "ಅಣ್ಣ, ಬೇರೆ ಕಡೆ ಮಾಡಿಸಿಬಿಡೋಣ, ಅವಳಿಗೆ ನಾನು ಹೇಳ್ತೀನಿ" ಎನ್ನುತ್ತಿದ್ದ.

ನಮ್ಮ ಮಹಡಿಯ ಮನೆಯಲ್ಲಿ ಬಾಡಿಗೆಗಿರುವವರು ಶೈಲಜಾ. ಗದಗದ ಕಡೆಯವರು, ನಲವತ್ತರ ಆಸುಪಾಸು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾರೆ. ನನ್ನ ಗೋಳು ಕೇಳಿ ಒಂದು ಭಾನುವಾರ ಬೆಳಿಗ್ಗೆ, ಪೂಜೆ ಮುಗಿಸಿ ಹಣೆಯ ವಿಭೂತಿಯೊಂದಿಗೇ ಇಳಿದು ಬಂದರು. "ಹಳೇದು ಇದರಾಗ ನಡ್ಯಾಂಗಿಲ್ರಿ ಅಂಕಲ್. ಇದರ ಹೊಟ್ಟ್ಯಾಗ ಒಂದು ಸುಳ್ಳ ಮಷೀನ್ ಮಾಡೂಣು. ವರ್ಚುಯಲ್ ಮಷೀನ್ ಅಂತಾರ್ರಿ. ಅದರಾಗ ಹಳೇ ಸಿಸ್ಟಮ್ ಹಾಕೂಣು. ತಾನು ಸುಳ್ಳ ಮಷೀನ್‌ನಾಗ ಅದೀನಿ ಅಂತ ಅದಕ್ಕ ಗೊತ್ತ ಆಗಾಂಗಿಲ್ಲ" ಎಂದರು. ಪಾಪ ಎಂದುಕೊಂಡೆ.

ಸುಳ್ಳು ಮಷೀನು ಮಾಡುವುದು ನಿಜದ್ದನ್ನು ಕೊಳ್ಳುವುದಕ್ಕಿಂತ ಕಷ್ಟ. ಅದಕ್ಕೆಂದು ಮೊದಲು ಹಾಕಿದ ತಂತ್ರಾಂಶ, ಈ ಆಪರೇಟಿಂಗ್ ಸಿಸ್ಟಮ್ ನನಗಿಂತ ಹೊಸದು, ನನ್ನ ಕೈಲಾಗದು ಎಂದು ಕೈಕಟ್ಟಿ ಕೂತಿತು. ಅದರ ಹೊಸ ಆವೃತ್ತಿ ತಂದು ಹಾಕಿದರೆ, ಕಂಪ್ಯೂಟರಿನ ಒಳಗೆಲ್ಲೋ ಒಂದು ಸೆಟ್ಟಿಂಗು ಮುಚ್ಚಿದೆ, ಅದನ್ನು ತೆರೆಯಿರಿ ಎಂದಿತು. ಅದನ್ನು ತೆರೆಯಲು ಕಂಪ್ಯೂಟರು ಎದ್ದೇಳುವ ಗಳಿಗೆಯಲ್ಲೇ ಒಂದು ಗುಂಡಿ ಒತ್ತಬೇಕಂತೆ. ಕನ್ನಡಕ ಸರಿಮಾಡಿಕೊಂಡು ಗುಂಡಿ ಹುಡುಕುವಷ್ಟರಲ್ಲಿ ಪ್ರತಿ ಸಲವೂ ಅದು ಎದ್ದು ಕೂತು ಸ್ವಾಗತ ಹೇಳುತ್ತಿತ್ತು. "ಬಾಗಿಲಾ ತಗದ ಮ್ಯಾಲೆ ಬೆಲ್ ಒತ್ತಿದಂಗ ಆಗಾಕತ್ತೈತ್ರಿ ಅಂಕಲ್" ಎಂದು ಶೈಲಜಾ ನನ್ನನ್ನು ಎಬ್ಬಿಸಿ ತಾವೇ ಒತ್ತಿದರು. ಎರಡನೆಯ ಭಾನುವಾರ ಒಳಗಿನ ಮಷೀನು ಎದ್ದಿತು. ಲಲಿತೆಯ ಕಂಪ್ಯೂಟರಿನಲ್ಲಿದ್ದ ಅದೇ ಹಸಿರು ನೀಲಿ ಪರದೆ. ಖುಷಿಯಲ್ಲಿ ನಾನು ಅದರ ಮೇಲೆ ಕ್ಲಿಕ್ಕಿಸಿದ್ದೇ ತಡ, ಮೌಸಿನ ಬಾಣ ಒಳಗೆ ಹೋದದ್ದು ಹೊರಗೆ ಬರಲೇ ಇಲ್ಲ. ಎರಡು ದಿನ ಹಾಗೇ ಬಿಟ್ಟು, ಕಡೆಗೆ ಶೈಲಜಾರ ಕಾರ್ಖಾನೆಗೆ ಫೋನು ಮಾಡಿದೆ. "ಬಲಗಡಿ ಕಂಟ್ರೋಲ್ ಒತ್ರಿ, ಹೊರಗ ಬರತೈತಿ" ಎಂದರು. ಬಂತು.

ಮೂರನೆಯ ಭಾನುವಾರ ಕನ್ನಡ ತಂತ್ರಾಂಶವೂ ಒಳಗೆ ಕೂತಿತು. ಆದರೆ ಲೈಸೆನ್ಸಿನ ಅವಧಿ ಮುಗಿದಿದೆ, ನವೀಕರಿಸಿ ಎಂದಿತು. ನವೀಕರಿಸಬೇಕಾದ ಜಾಗದಲ್ಲಿ ಪ್ರಾಣಾಯಾಮ ನಡೆಯುತ್ತಿದೆ ಎಂದು ಅದಕ್ಕೆ ಹೇಗೆ ತಿಳಿಯಬೇಕು? ಶೈಲಜಾ ಸ್ವಲ್ಪ ಯೋಚಿಸಿ, "ತಾರೀಖು ಹಿಂದ ಇಟ್ರ ಆತ್ರಿ. ಹೊರಗಿಂದು ಮುಟ್ಟೂದು ಬ್ಯಾಡ, ಒಳಗಿನ ಮಷೀನಿಂದಷ್ಟ. ಎಷ್ಟು ವರ್ಷ ಹಿಂದ ಹೋಗೂಣ್ರಿ?" ಎಂದು ಕೇಳಿದರು. ಐದು ಎಂದೆ. ಒಳಗಿನ ಪರದೆಯ ಮೂಲೆಯ ಗಡಿಯಾರ ಐದು ವರ್ಷದ ಹಿಂದಿನ ಮಾರ್ಚಿಗೆ ಹೋಗಿ ನಿಂತಿತು. ಆ ಮಾರ್ಚಿನಲ್ಲಿ ಲಲಿತೆ ಇದೇ ಕುರ್ಚಿಯಲ್ಲಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿರುತ್ತಿದ್ದಳು. ನಾನು ಆ ಗಡಿಯಾರವನ್ನೇ ನೋಡುತ್ತ ಕೂತೆ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಶೈಲಜಾ ಮೇಲೆ ಹೋದರು.

ಕಡತ ತೆರೆದೆ. ಮೇಲೆ ನಮ್ಮ ಮನೆದೇವರು, ಅದರ ಕೆಳಗೆ, 'ಶ್ರೀಮತಿ ಸುಮಾ ಮತ್ತು ಶ್ರೀ ನಾಗರಾಜ ಇವರು ಮಾಡುವ ವಿಜ್ಞಾಪನೆಗಳು.' ಸುಮಾ ಎಂದರೆ ನಾಗರಾಜನ ಹೆಂಡತಿ. ನನಗೆ ಮೊದಲು ಬಂದದ್ದು ಸಿಟ್ಟು. ಹುಡುಗಿಯ ಅಪ್ಪ ಗುಂಡುಕಲ್ಲಿನ ಹಾಗೆ ಇರುವಾಗ ತಮ್ಮನದೇನು ವಿಜ್ಞಾಪನೆ? ಮುಂದಿನ ಸಾಲು ಓದಿದೆ. 'ನಮ್ಮ ಅತ್ತಿಗೆ ದಿವಂಗತ ಶ್ರೀಮತಿ ಲಲಿತಾ ಮತ್ತು ಅಣ್ಣ ಶ್ರೀ ವೆಂಕಟೇಶ ಇವರ ಏಕಮಾತ್ರ ಪುತ್ರಿ ಚಿ. ಸೌ. ದೀಪಾ...' ನಮ್ಮಲ್ಲಿ ಕನ್ಯಾದಾನಕ್ಕೆ ದಂಪತಿ ಕೂರಬೇಕು. ಹೆಂಡತಿ ಇಲ್ಲದವನು ತಮ್ಮನ ಕೈಯಲ್ಲಿ ಧಾರೆ ಎರೆಸಿ ಪಕ್ಕದಲ್ಲಿ ನಿಲ್ಲಬೇಕು. ನೂರಾರು ಪತ್ರಿಕೆ ಜೋಡಿಸಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಕಡತದ ತಾರೀಖು ನೋಡಿದೆ. ಅದೇ ಜನವರಿ, ಸ್ವೆಟರ್ ಕೊಂಡ ಮಾರನೆಯ ದಿನ, ಶನಿವಾರ.

ಅವಳಿಗೆ ಗೊತ್ತಿತ್ತು. ನಾನು ನೈನಿತಾಲಿನ ಚಳಿಯನ್ನು ವರ್ಣಿಸುತ್ತಿದ್ದಾಗಲೂ ಗೊತ್ತಿತ್ತು. ಆರು ತಿಂಗಳು ನಾನು ಅಲ್ಸರ್ ಎಂದೆ, ಅವಳು ಹೌದು ಎಂದಳು. ನಾನು ಮುಂದಿನ ವರ್ಷ ಎಂದೆ, ಅವಳು ಆಗಲಿ ಎಂದಳು. ಸುಳ್ಳು ಮಷೀನಿನೊಳಗೆ ಅವಳನ್ನು ಸುಖವಾಗಿ ಇಟ್ಟಿದ್ದೇನೆ ಎಂದುಕೊಂಡಿದ್ದೆ. ಒಳಗಿದ್ದವನು ನಾನು. ಒಂದು ದಿನ, ಒಂದೇ ದಿನ, ಇಬ್ಬರೂ ಕೂತು ಅತ್ತಿದ್ದರೆ ಆಗುತ್ತಿತ್ತು. ಅದನ್ನೂ ನಾನು ಅವಳಿಗೆ ಕೊಡಲಿಲ್ಲ. ಅವಳ ಕುರ್ಚಿಯಲ್ಲೇ ಕೂತು ನಾನೊಬ್ಬನೇ ಅತ್ತೆ. ಕಣ್ಣೊರೆಸಿಕೊಂಡು ನೋಡಿದಾಗ ಪುಟದ ಗೆರೆಯ ಆಚೆ ಸಣ್ಣಕ್ಷರಗಳು ಕಂಡವು. 'ದೀಪಾ, ಪ್ರೂಫ್ ಅಪ್ಪ ಒಬ್ಬರಿಗೇ ಬಿಡಬೇಡ. ವಾರ ನೀನೇ ನೋಡು. ಸ್ವೆಟರ್ ಬೀರುವಿನ ಮೇಲಿನ ಅರೆಯಲ್ಲಿದೆ, ಹಾಕಿಕೊಳ್ಳಲು ಹೇಳು.'

ಅಳುವಿನ ನಡುವೆಯೂ ನನಗೆ ಅಭಿಮಾನ ಕೆರಳಿತು. ಒಂದೇ ಒಂದು ತಪ್ಪನ್ನು ಎಷ್ಟು ವರ್ಷ ನೆನಪಿಟ್ಟುಕೊಳ್ಳುವುದು? ಗಂಡಿನ ಹೆಸರು ತುಂಬಿದೆ, ಛತ್ರದ ಹೆಸರು ತುಂಬಿದೆ, ತಾರೀಖು ತುಂಬಿದೆ. ವಾರವನ್ನು ಬಾಯಲ್ಲಿ ಬಂದಂತೆ ಹಾಕದೆ, ಪರದೆಯ ಮೂಲೆಯ ಗಡಿಯಾರ ಒತ್ತಿ ಕ್ಯಾಲೆಂಡರ್ ತೆರೆದು, ಬೆರಳಿಟ್ಟು ಎರಡು ಸಲ ನೋಡಿ ಹಾಕಿದೆ. ಸಂಜೆ ದೀಪಾ ಬಂದಾಗ ಅಚ್ಚು ತೆಗೆದ ಹಾಳೆಯನ್ನು ಕೈಗಿಟ್ಟೆ. ಅವಳು 'ದಿವಂಗತ' ಎಂಬಲ್ಲಿ ಬಹಳ ಹೊತ್ತು ನಿಂತಳು. ಆಮೇಲೆ ಕೆಳಗಿನ ಸಾಲಿಗೆ ಬಂದು, "ಅಪ್ಪ, ಮೇ ಹದಿನೇಳು ಭಾನುವಾರ ಅಲ್ವಾ?" ಎಂದಳು.

"ಸೋಮವಾರ. ಕಂಪ್ಯೂಟರ್‌ನಲ್ಲೇ ನೋಡಿ ಹಾಕಿದೀನಿ" ಎಂದೆ, ಗತ್ತಿನಿಂದ.

"ಯಾವ ಕಂಪ್ಯೂಟರ್‌ನಲ್ಲಿ?"

ಅವಳು ಬಂದು ಪರದೆಯ ಮೂಲೆಯ ವರ್ಷ ನೋಡಿದಳು. ಗೆರೆಯಾಚೆಯ ಸಣ್ಣಕ್ಷರವನ್ನೂ ಓದಿದಳು. "ಅಮ್ಮ ಇದ್ದಾಗಿನ ಸೋಮವಾರ" ಎಂದು ಮೆಲ್ಲಗೆ ಹೇಳಿ, ನನ್ನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು, ತಾನೇ ಭಾನುವಾರ ಮಾಡಿದಳು.

ಕಾರ್ಡು ಅಚ್ಚಾಗಿ ಬಂತು. ಮೊದಲನೆಯದನ್ನು ಮೇಲೆ ಶೈಲಜಾ ಅವರಿಗೇ ಕೊಟ್ಟೆ. ಏಪ್ರಿಲ್ ಬಿಸಿಲಿನಲ್ಲಿ ಕಂದು ಸ್ವೆಟರ್ ಹಾಕಿಕೊಂಡು ಬೆವರುತ್ತಿದ್ದ ನನ್ನನ್ನು ನೋಡಿ ಅವರು ಫ್ಯಾನು ಹಾಕಿದರು. "ಕಾರ್ಡ್ ಆತಲ್ರಿ ಅಂಕಲ್. ಇನ್ನ ಆ ಒಳಗಿನ ಮಷೀನ್ ತಗದುಬಿಡ್ಲೇನ್ರಿ? ಸುಮ್ನ ಜಾಗಾ ತಿಂತೈತಿ" ಎಂದರು.

"ಇರಲಿ ಬಿಡಿಮ್ಮ. ಯಾರಾದ್ರೂ ಕಾರ್ಡ್ ಮಾಡಿಸೋಕೆ ಬಂದ್ರೆ ಬೇಕಾಗುತ್ತೆ" ಎಂದೆ. ಐದು ವರ್ಷದಿಂದ ನಮ್ಮ ಮನೆಗೆ ಯಾರೂ ಕಾರ್ಡು ಮಾಡಿಸಲು ಬಂದಿಲ್ಲ ಎಂಬುದು ನಮ್ಮ ಬೀದಿಗೆಲ್ಲ ಗೊತ್ತು.

"ಹೌದ್ರಿ, ಬೇಕಾಗತೈತಿ" ಎಂದರು ಶೈಲಜಾ, ಥೇಟು ಲಲಿತೆಯ ಹಾಗೆ.