ಮಜ್ಜಿಗೆ ಗಡಿಗೆಯ ಮೇಲಿದ್ದ ಹಾಡು

ಹಳೆಯ ರೆಕಾರ್ಡುಗಳನ್ನು ಕತ್ತರಿಸಿ ಹೊಸ ಹಾಡು ಕಟ್ಟುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಯಾರೋ ಅಂಗಡಿಗೆ ಬಂದು ‘ಏನು ಮಾಡಾಕತ್ತೀರಿ?’ ಎಂದು ಕೇಳುತ್ತಾರೆ. ನಾನು ವಿವರಿಸುತ್ತೇನೆ. ಅವರು ತಾಳ್ಮೆಯಿಂದ ಎಲ್ಲವನ್ನೂ ಕೇಳಿಸಿಕೊಂಡು, ‘ಅದು ಇರಲಿ, ಕೆಲಸ ಏನು ಮಾಡ್ತೀರಿ?’ ಎನ್ನುತ್ತಾರೆ.

ಕೆಲಸವೆಂದರೆ ಸಿಂಧನೂರಿನಲ್ಲಿ ನನ್ನದೊಂದು ಮೈಕ್‌ಸೆಟ್ಟಿನ ಅಂಗಡಿ. ಮದುವೆಗೆ, ಮೆರವಣಿಗೆಗೆ ಸ್ಪೀಕರುಗಳನ್ನು ಬಾಡಿಗೆಗೆ ಕೊಡುವುದು. ಉಳಿದ ಹೊತ್ತಿನಲ್ಲಿ, ಓದಲು ಪುಸ್ತಕವಿಲ್ಲದಿದ್ದರೆ, ಹಳೆಯ ರೆಕಾರ್ಡು ತಟ್ಟೆಗಳನ್ನು ಹಾಕಿಕೊಂಡು ಕೂರುತ್ತೇನೆ. ಒಂದರಿಂದ ಒಂದು ಉಸಿರಿನಷ್ಟು ಹಾರ್ಮೋನಿಯಂ, ಇನ್ನೊಂದರಿಂದ ತಬಲಾದ ಕೆಲವು ಪೆಟ್ಟು, ಮತ್ತೊಂದರಿಂದ ಯಾರೋ ತಲೆದೂಗಿ ಅಂದ ‘ಆಹಾ’. ಇವನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಮತ್ತೆ ಮತ್ತೆ ಸುತ್ತಿ ಬರುವಂತೆ ಮಾಡಿ, ಒಂದರ ಮೇಲೊಂದು ಕೂಡಿಸಿದರೆ ಹೊಸದೊಂದು ಹಾಡು. ಮನೆಗೆ ಬಂದವರಿಗೆ ನನ್ನ ಹೆಂಡತಿ, ‘ಒಳಗ ಕುಂತು ಹಳೇ ಬಟ್ಟಿ ಕೂಡಿಸಿ ಕೌದಿ ಹೊಲ್ಯಾಕತ್ತಾರ’ ಎಂದು ಹೇಳುತ್ತಾಳೆ. ನನ್ನ ವಿವರಣೆಗಿಂತ ಅದು ಬೇಗ ಅರ್ಥವಾಗುತ್ತದೆ.

ತುಂಡುಗಳನ್ನು ಹುಡುಕುವಾಗ ಒಂದು ರೆಕಾರ್ಡಿಗಾಗಿ ಮಾತ್ರ ಸದಾ ಕಣ್ಣು ತೆರೆದಿಟ್ಟಿದ್ದೆ. ಅದು ಮಸ್ಕಿಯ ಹಾರ್ಮೋನಿಯಂ ಮಾಸ್ತರರದು. ಹರೆಯದಲ್ಲಿ ಅವರು ನಾಟಕ ಕಂಪನಿಯ ಜೊತೆ ದೂರದ ಪಟ್ಟಣಕ್ಕೆ ಹೋಗಿ ಒಂದು ರೆಕಾರ್ಡಿಗೆ ಬಾರಿಸಿ ಬಂದಿದ್ದರಂತೆ. ಆಮೇಲೆ ಕಂಪನಿ ಮುಚ್ಚಿತು, ರೆಕಾರ್ಡು ಅವರ ಕೈ ಸೇರಲೇ ಇಲ್ಲ. ಆದರೆ ‘ಹುಡುಗ ರಿಕಾರ್ಡಿನ್ಯಾಗ ಬಾರ್ಸ್ಯಾನ’ ಎಂಬ ಒಂದೇ ಮಾತಿನ ಮೇಲೆ ಅವರಿಗೆ ಹೆಣ್ಣು ಕೊಟ್ಟಿದ್ದರು. ಆ ಹೆಣ್ಣುಮಗಳು ಈಗ ಮೊಮ್ಮಕ್ಕಳ ಅಜ್ಜಿ. ನಾನು ಹೋದಾಗಲೆಲ್ಲ ಚಹಾದ ಜೊತೆ ಇದನ್ನೂ ಕೊಡುತ್ತಿದ್ದರು:

‘ಮಕ್ಕಳ್ನ ಕಂಡ್ವಿ, ಮೊಮ್ಮಕ್ಕಳ್ನ ಕಂಡ್ವಿ. ರಿಕಾರ್ಡ್ ಒಂದು ಇನ್ನಾ ಕಾಣವಲ್ದು ನೋಡ್ರಿ. ನಮ್ಮಪ್ಪ ಇರೋತನಕ ಕೇಳಿದ, ಎಲ್ಲೈತವ್ವಾ ಅಂತ.’

ಮಾಸ್ತರರು ಬಸಿಯೊಳಗಿನ ಚಹಾವನ್ನೇ ನೋಡುತ್ತ, ‘ಐತಿ ತಮ್ಮಾ, ಎಲ್ಲೋ ಒಂದು ಕಡೆ ಐತಿ’ ಎನ್ನುತ್ತಿದ್ದರು. ಒಮ್ಮೆ ಬಾಗಿಲತನಕ ಬಂದು ನನ್ನ ಕೈ ಹಿಡಿದುಕೊಂಡು, ‘ಊರು ನಂಬದಿದ್ರ ಬಿಡು. ಆಕಿಗೆ ಒಂದ್ಸರ್ತಿ ಕೇಳಿಸಬೇಕು’ ಎಂದರು. ಅಂದಿನಿಂದ ಹುಡುಕುವುದು ನನ್ನ ಪಾಲಿಗೆ ಬಂತು.

ಮುಳ್ಳು ಸಿಕ್ಕೈತಿ

ನಾನು ಕಟ್ಟಿದ ಹಾಡನ್ನು ಮೊದಲ ಸಲ ಜನರ ಮುಂದೆ ಹಾಕಿದ್ದು ಸಿಂಧನೂರಿನಲ್ಲೇ, ಒಂದು ಗೊಬ್ಬರದಂಗಡಿಯ ಉದ್ಘಾಟನೆಯಲ್ಲಿ. ಹಾಡು ಆರಂಭವಾಯಿತು. ಹಾರ್ಮೋನಿಯಂ ತುಂಡು ಬಂತು, ಮತ್ತೆ ಬಂತು, ಮತ್ತೂ ಬಂತು. ಮುಂದಿನ ಕುರ್ಚಿಯಲ್ಲಿ ಕೂತಿದ್ದ ರುಮಾಲಿನ ಹಿರಿಯರೊಬ್ಬರು ಚಡಪಡಿಸತೊಡಗಿದರು.

‘ಏ, ರಿಕಾರ್ಡಿನ ಮುಳ್ಳು ಸಿಕ್ಕೈತಿ ನೋಡ್ರಪಾ!’

‘ಇಲ್ರೀ ಯಜಮಾನ್ರ, ಅದು ಇರೋದ ಹಂಗ’ ಎಂದೆ.

‘ಸಿಕ್ಕಿದ್ದು ಗೊತ್ತಾಗಂಗಿಲ್ಲೇನು ನಮಗ? ನೀ ಹುಟ್ಟೋಕಿಂತ ಮೊದಲಿಂದ ಕೇಳೀವಿ.’

ಎದ್ದು ಬಂದವರೇ, ಹಳೆಯ ರೇಡಿಯೋಗಳಿಗೆ ಕೊಡುತ್ತಿದ್ದಂಥ ಒಂದು ಪೆಟ್ಟನ್ನು ನನ್ನ ಲ್ಯಾಪ್‌ಟಾಪಿನ ಪಕ್ಕೆಗೆ ಕೊಟ್ಟರು. ಸರಿಯಾಗಿ ಅದೇ ಗಳಿಗೆಗೆ ನನ್ನ ಹಾಡಿನ ಮೊದಲ ಭಾಗ ಮುಗಿದು ಎರಡನೆಯದು ಶುರುವಾಯಿತು. ಜನ ಚಪ್ಪಾಳೆ ತಟ್ಟಿದರು. ಹಿರಿಯರು ತಮ್ಮ ಕುರ್ಚಿಯನ್ನು ನನ್ನ ಪಕ್ಕಕ್ಕೇ ಎಳೆಸಿಕೊಂಡು, ಕಾರ್ಯಕ್ರಮ ಮುಗಿಯುವವರೆಗೆ ಅಂಗೈ ಸಿದ್ಧವಾಗಿಟ್ಟುಕೊಂಡು ಕೂತರು. ಕೊನೆಗೆ ಅಂಗಡಿಯವರು ‘ಸಂಗೀತದ ವ್ಯವಸ್ಥೆ ಮಾಡಿದವರಿಗೆ’ ಎಂದು ಶಾಲು ತಂದರು. ನಾನು ಎದ್ದು ನಿಂತೆ. ಶಾಲನ್ನು ಅವರಿಗೆ ಹೊದಿಸಿದರು.

ನಿಲ್ಲು

ಹಳೆಯ ನಾಟಕದ ರೆಕಾರ್ಡೊಂದರಲ್ಲಿ ರಾಜನ ಪಾತ್ರಧಾರಿಯೊಬ್ಬ ‘ನಿಲ್ಲು!’ ಎಂದು ಗುಡುಗಿದ್ದು ಸಿಕ್ಕಿತು. ಅಂಥ ಗಂಟಲು ಈಗಿಲ್ಲ. ಅದನ್ನು ಕತ್ತರಿಸಿ ತಮಟೆಯ ಬಡಿತದ ಮೇಲೆ ಕೂರಿಸಿದೆ. ನಾಲ್ಕಾರು ಸುತ್ತಿಗೊಮ್ಮೆ ‘ನಿಲ್ಲು!’ ಬರುತ್ತದೆ, ಕುಣಿಯುವವರಿಗೆ ಹುರುಪು. ಲಿಂಗಸುಗೂರಿನ ಒಂದು ಮದುವೆಯ ಮೆರವಣಿಗೆಗೆ ಕೊಟ್ಟೆ. ಸ್ಪೀಕರುಗಳು ಮುಂದಿನ ಟ್ರ್ಯಾಕ್ಟರಿನಲ್ಲಿ, ನಡುವೆ ಕುಣಿಯುವವರು, ಹಿಂದೆ ಹೂವಿನ ಜೀಪಿನಲ್ಲಿ ಮದುಮಗ.

‘ನಿಲ್ಲು!’ ಎಂದ ರಾಜ. ಟ್ರ್ಯಾಕ್ಟರಿನವನು ಗಕ್ಕನೆ ನಿಲ್ಲಿಸಿದ. ಮುಂದಿನ ಸಾಲಿನವರು ಟ್ರೇಲರಿಗೆ ಹಾಯ್ದರು. ಹೊರಟಿತು. ಮತ್ತೆ ‘ನಿಲ್ಲು!’ ಮತ್ತೆ ನಿಂತಿತು. ಮುಹೂರ್ತ ಹತ್ತಿರವಾಗುತ್ತಿತ್ತು. ಮದುಮಗನ ಸೋದರಮಾವ ಓಡಿಬಂದ.

‘ಯಾಕಲೇ, ಹೆಜ್ಜಿಗೊಮ್ಮೆ ನಿಂದರ್ಸಾಕತ್ತಿ?’

‘ಹಿಂದ ಯಾರೋ ದೊಡ್ಡವ್ರು ನಿಲ್ಲು ಅನ್ನಾಕತ್ತಾರಲ್ರೀ.’

‘ಅದು ಹಾಡಲೇ!’

‘ಹಾಡಿನ್ಯಾಗ ಇಷ್ಟು ಸಿಟ್ಟಿಲೆ ಅಂತಾರೇನ್ರೀ?’

‘ಯಾರು ಏನರ ಅನ್ನಲಿ, ಕಲ್ಯಾಣಮಂಟಪ ಬರೋತನಕ ನೀ ನಿಂದರಬ್ಯಾಡ.’

ಟ್ರ್ಯಾಕ್ಟರ್ ಹೊರಟಿತು. ಸ್ವಲ್ಪ ಹೊತ್ತಿಗೆ ಹಿಂದಿನ ಜೀಪು ಕೆಟ್ಟು ಬಸ್‌ ನಿಲ್ದಾಣದ ಬಳಿ ನಿಂತಿತು. ಸೋದರಮಾವ ‘ನಿಲ್ಲೋ! ನಿಲ್ಲೋ!’ ಎಂದು ಗಂಟಲು ಹರಿಯುವಂತೆ ಕೂಗಿದ. ಟ್ರ್ಯಾಕ್ಟರ್ ನಿಲ್ಲಲಿಲ್ಲ, ಹಾಡು, ಕುಣಿಯುವವರು, ಪಟಾಕಿ ಎಲ್ಲ ಮಂಟಪ ಮುಟ್ಟಿದವು. ಹೆಣ್ಣಿನ ಕಡೆಯವರು ಆರತಿ ಹಿಡಿದುಕೊಂಡು ಬಂದು ನೋಡಿದರೆ ಮದುಮಗನಿಲ್ಲ. ಆಮೇಲೆ ಆತ ಯಾರದೋ ಮೋಟರ್‌ಸೈಕಲ್ಲಿನ ಹಿಂದೆ, ಬಾಸಿಂಗವನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು ಬಂದ. ಎಲ್ಲರೂ ಟ್ರ್ಯಾಕ್ಟರಿನವನ ಮೇಲೆ ಏರಿಹೋದರು.

‘ನನಗೇನು ಗೊತ್ರೀ’ ಎಂದ ಅವನು, ‘ಈ ಸರ್ತಿ ನಿಲ್ಲು ಅಂತ ಅಷ್ಟು ಛಲೋ ಅನ್ನಲಿಲ್ಲ.’

ಕಡಗೋಲು

ಮಾಸ್ತರರ ರೆಕಾರ್ಡನ್ನು ಹುಡುಕುತ್ತ ಸಂತೆಕಲ್ಲೂರಿನ ಒಂದು ಮನೆಗೆ ಹೋದೆ. ಆ ಮನೆಯ ಹಿರಿಯರಿಗೆ ನಾಟಕದ ಹುಚ್ಚಿತ್ತು, ರೆಕಾರ್ಡುಗಳನ್ನು ಕೂಡಿಸಿದ್ದರು ಎಂದು ಯಾರೋ ಹೇಳಿದ್ದರು. ಸೊಸೆ ಹೊರಗೆ ಬಂದರು.

‘ಅವು ಎಲ್ಲಿ ಅದಾವ್ರೀ ಈಗ? ನಮ್ಮ ಮಾವ ಹ್ವಾದ ಮ್ಯಾಲೆ ಹುಡುಗರು ಒಡದು ಹಾಕಿದ್ವು. ಒಂದು ಮಾತ್ರ ಉಳದೈತಿ. ಅದು ಕೆಲಸದ್ದು.’

ಕೆಲಸದ್ದು ಅಡುಗೆಮನೆಯಲ್ಲಿತ್ತು, ಮಜ್ಜಿಗೆ ಗಡಿಗೆಯ ಮೇಲೆ, ಮುಚ್ಚಳವಾಗಿ. ಕೆಲವು ಚಿಕ್ಕ ರೆಕಾರ್ಡುಗಳ ನಡುವಿನ ಬಿಲ್ಲೆಯನ್ನು ಒತ್ತಿ ತೆಗೆದರೆ ದೊಡ್ಡ ತೂತಾಗುತ್ತದೆ. ಆ ತೂತಿನೊಳಗಿಂದ ಕಡಗೋಲು ಗಡಿಗೆಗೆ ಇಳಿದಿತ್ತು. ಕಡೆಯುವಾಗ ಮಜ್ಜಿಗೆ ಸಿಡಿಯುವುದಿಲ್ಲ.

‘ಇದನ್ನ ಕೊಡ್ತೀರೇನ್ರೀ?’

‘ಕೊಟ್ಟು ಬೆಣ್ಣಿ ಹೆಂಗ ತಗೀಬೇಕು?’

‘ಹೊಸಾ ಸ್ಟೀಲಿನ ಮುಚ್ಚಳ ತಂದುಕೊಡ್ತೀನಿ.’

‘ಸ್ಟೀಲಿನ ಮುಚ್ಚಳಕ್ಕ ತೂತೆಲ್ಲೈತ್ರೀ?’

ಮಸ್ಕಿಯ ಪಾತ್ರೆಯಂಗಡಿಯಲ್ಲಿ ಮುಚ್ಚಳ ಕೊಂಡು, ವೆಲ್ಡಿಂಗಿನವನ ಹತ್ತಿರ ನಡುವೆ ತೂತು ಕೊರೆಸಿಕೊಂಡು ಮರಳಿ ಬಂದೆ. ಆಕೆ ಮುಚ್ಚಳವನ್ನು ಇಟ್ಟು, ಕಡಗೋಲು ಇಳಿಸಿ, ಒಂದು ಸುತ್ತು ಕಡೆದು ನೋಡಿ, ಮುಖ ಕಿವುಚಿದರು.

‘ಕಿರ್ ಅಂತೈತಿ. ಹಳೇದು ಸಪ್ಪಳ ಮಾಡ್ತಿರಲಿಲ್ಲ.’

ರೆಕಾರ್ಡನ್ನು ಅದರ ಸದ್ದಿಗಾಗಿ ಹುಡುಕಿಕೊಂಡು ಬಂದವನಿಗೆ, ಅದು ಸಪ್ಪಳ ಮಾಡುವುದಿಲ್ಲವೆಂಬ ಪ್ರಮಾಣಪತ್ರ ಸಿಕ್ಕಿತು.

ಅದು ನಾನಲ್ಲ

ಆ ತಟ್ಟೆಯ ಹೆಸರಿನ ಚೀಟಿಯನ್ನು ಮಜ್ಜಿಗೆ ತಿಂದಿತ್ತು. ಯಾವ ಕಂಪನಿ, ಯಾರ ಹಾಡು, ಒಂದೂ ಗೊತ್ತಾಗಲಿಲ್ಲ. ಹಾಕಿದರೆ ಬರೀ ಕರಕರ. ನಡುವೆ ಒಂದು ಸಣ್ಣ ತುಂಡು ಮಾತ್ರ ಉಳಿದಿತ್ತು. ಅದರಲ್ಲಿ ಹಾರ್ಮೋನಿಯಂ, ತಬಲಾಕ್ಕಿಂತ ಕೂದಲೆಳೆಯಷ್ಟು ಮೊದಲೇ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿತ್ತು. ಆ ಅವಸರ ನನಗೆ ಬಹಳ ಹಿಡಿಸಿತು. ಅದನ್ನೇ ಸುತ್ತಿ ಸುತ್ತಿ ಒಂದು ಹಾಡು ಕಟ್ಟಿದೆ.

ಮಸ್ಕಿಯ ಮದುವೆಯೊಂದರಲ್ಲಿ ಊಟದ ಹೊತ್ತಿಗೆ ಅದನ್ನು ಹಾಕಿದೆ. ಪಂಕ್ತಿಯಲ್ಲಿ ಮಾಸ್ತರರೂ ಅವರ ಹೆಂಡತಿಯೂ ಕೂತಿದ್ದರು. ಅಜ್ಜಿ ಹೋಳಿಗೆಯ ತುಂಡನ್ನು ಬಾಯಿಯ ಹತ್ತಿರ ಒಯ್ದವರು ಅಲ್ಲೇ ಕೈ ನಿಲ್ಲಿಸಿದರು.

‘ನಮ್ಮವ್ರು!’

‘ಯಾರವ್ವಾ?’ ಎಂದರು ಪಕ್ಕದವರು.

‘ನಮ್ಮ ಮಾಸ್ತರ! ಈ ಹಾಡಿನ್ಯಾಗ ಪೇಟಿ ಬಾರ್ಸೋರು ಇವರ!’

ನಾನು ಬಡಿಸುವವರನ್ನು ದಾಟಿ ಓಡಿದೆ. ‘ಅವ್ವಾರ, ಹೆಂಗ ಗುರ್ತು ಹಿಡಿದ್ರಿ?’

‘ಹೆಂಗಂದ್ರ? ಸಾಲು ಮುಗಿಯೋಕಿಂತ ಮೊದಲ ಓಡಿ ಹೋಗಿ ನಿಂತಾರ ನೋಡ್ರಿ. ಮದುವಿ ಆದಾಗಿಂದ ದಿನಾ ಮುಂಜಾನಿ ಕೇಳೀನಿ. ಈ ತಪ್ಪು ಇನ್ನೊಬ್ಬರಿಗೆ ಬರಂಗಿಲ್ಲ.’

ಪಂಕ್ತಿಗೆ ಪಂಕ್ತಿಯೇ ಮಾಸ್ತರರ ಕಡೆ ತಿರುಗಿತು. ಜನ್ಮವಿಡೀ ಅವರು ಕಾದಿದ್ದು ಈ ಗಳಿಗೆಗೆ. ಅವರು ನಿಧಾನವಾಗಿ ತುತ್ತು ನುಂಗಿ, ನೀರು ಕುಡಿದು, ಹೇಳಿದರು:

‘ಅದು ನಾನಲ್ಲ.’

‘ಅಲ್ಲ ಅಂದ್ರ?’ ಅಜ್ಜಿ ಹೋಳಿಗೆಯನ್ನು ಎಲೆಯ ಮೇಲಿಟ್ಟರು. ‘ಹಂಗಾದ್ರ ನಮ್ಮಪ್ಪ ಹೆಣ್ಣು ಕೊಟ್ಟಿದ್ದು ಯಾರಿಗೆ?’

ಮಾಸ್ತರರು ಎಲೆಯನ್ನು ನೋಡಿದರು, ನನ್ನನ್ನು ನೋಡಿದರು, ಸ್ಪೀಕರನ್ನು ನೋಡಿದರು. ಅದು ಮತ್ತೊಮ್ಮೆ ಓಡಿ ಹೋಗಿ ನಿಂತಿತು.

‘ನಾನ’ ಎಂದರು ಕೊನೆಗೆ. ‘ಆದ್ರ ನಾ ಓಡಿಲ್ಲ. ತಬಲಾದವ ಹಿಂದ ಬಿದ್ದಾನ.’

‘ಮನ್ಯಾಗ ತಬಲಾ ಇಲ್ಲಲ್ರೀ?’ ಎಂದರು ಅಜ್ಜಿ. ‘ದಿನಾ ಯಾರು ಹಿಂದ ಬೀಳ್ತಾರ?’

ಪಂಕ್ತಿಯ ನಗು ಇಳಿಯುವ ಮೊದಲೇ ಮಾಸ್ತರರು ಕೈ ತೊಳೆದು ನನ್ನನ್ನು ಗೋಡೆಯ ಮರೆಗೆ ಕರೆದೊಯ್ದರು.

‘ತಮ್ಮಾ, ನಿನ್ನ ಕಂಪ್ಯೂಟರಿನ್ಯಾಗ ಆ ತಬಲಾದವನ್ನ ಜರಾ ಮುಂದಕ ತರಾಕ ಬರ್ತೈತೇನು?’

‘ಪೇಟಿ ಹಿಂದಕ ಸರಿಸೋದು ಹಗುರ ಐತ್ರಿ ಮಾಸ್ತರ.’

‘ಯಾವುದಾರ ಒಂದು ಸರಿಸು. ಆಕಿಗೆ ಮಾತ್ರ ತಬಲಾ ಸರಿಸೀನಿ ಅಂತ ಹೇಳು.’

ಮುಂದೋಡಿದ ಸ್ವರವನ್ನು ಕತ್ತರಿಸಿ, ತಾಳ ಬೀಳುವ ಜಾಗದಲ್ಲೇ ಕೂರಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಕೂತಿತು. ಮರುವಾರ ಅವರ ಮನೆಗೆ ಒಯ್ದೆ. ಮಾಸ್ತರರು ಒಗೆದ ಅಂಗಿ ತೊಟ್ಟು ಕಾಯುತ್ತಿದ್ದರು. ಅಜ್ಜಿ ಎದುರಿಗೆ ಕೂತು, ಸೆರಗು ಸರಿಪಡಿಸಿಕೊಂಡು, ಕಣ್ಣು ಮುಚ್ಚಿ ಕೇಳಿದರು. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮಾಸ್ತರರು ಆ ಬೆರಳನ್ನೇ ನೋಡುತ್ತಿದ್ದರು. ಹಾಡು ಮುಗಿಯಿತು. ಅಜ್ಜಿ ಕಣ್ಣು ತೆರೆದು ತಲೆದೂಗಿದರು.

‘ಭಾಳ ಛಲೋ ಬಾರ್ಸ್ಯಾರ. ಯಾರ್ರೀ ಇವ್ರು?’

ನಾನು ಕಂಪ್ಯೂಟರನ್ನು ನೋಡಿದೆ. ಮಾಸ್ತರರು ಹೆಂಡತಿಯನ್ನು ನೋಡಿದರು.

‘ಹಳೇದ ಹಚ್ಚು ತಮ್ಮಾ’ ಎಂದರು.